ಸರ್ವರಿನ ಕಾವಲು ಯಾರ ಪಾಳಿ?

(ಮುಂಬಯಿಯಲ್ಲಿ ಜರುಗಿದ ನಮ್ಮ ಸಂಘದ ಸರ್ವಸದಸ್ಯರ ಸಭೆಯಲ್ಲಿ ಸಂಘಟನಾ ಕಾರ್ಯದರ್ಶಿಗಳು ಮಾಡಿದ ಭಾಷಣ)



ಇಂದಿನ ಕಾರ್ಯಕ್ರಮದ ಚೀಟಿಯಲ್ಲಿ ಮೂರನೆಯ ವಿಷಯ 'ಸರ್ವರಿನ ಭದ್ರತೆ' ಎಂದು ಅಚ್ಚಾಗಿದೆ. ಅದನ್ನು ಓದಿದ ಮಿತ್ರರೊಬ್ಬರು ಬಾಗಿಲಲ್ಲೇ ನಮ್ಮನ್ನು ತಡೆದು, "ಯಾವ ಹೊಟೇಲಿನ ಸರ್ವರು ಮಾರಾಯರೇ? ಅವನಿಗೆ ಯಾರು ಹೊಡೆದದ್ದು?" ಎಂದು ಕೇಳಿದರು. ಅವರು ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಗಿರಾಕಿ ಕೇಳಿದ್ದನ್ನು ಒಳಗಿನಿಂದ ತಂದು ಅವನ ಮುಂದೆ ಇಡುವವನು ಸರ್ವರು. ಈ ಯಂತ್ರದ ಕೆಲಸವೂ ಅದೇ. ನೀವು ಮೊಬೈಲಿನಲ್ಲಿ ನಿಮ್ಮ ಚಂದಾ ಎಷ್ಟು ಜಮೆಯಾಗಿದೆ ಎಂದು ಒತ್ತಿ ಕೇಳುತ್ತೀರಿ. ಎಲ್ಲೋ ಇರುವ ಆ ಯಂತ್ರ ಲೆಕ್ಕದ ಪುಸ್ತಕ ತೆರೆದು ತಂದು ತೋರಿಸುತ್ತದೆ. ವ್ಯತ್ಯಾಸ ಒಂದೇ. ನಮ್ಮ ಹೊಟೇಲಿಗೆ ರಾತ್ರಿ ಶಟರು ಬೀಳುತ್ತದೆ; ಇವನ ಅಂಗಡಿಗೆ ಶಟರೇ ಇಲ್ಲ. ಲೋಕದ ಯಾವ ಮೂಲೆಯವನು ಬೇಕಾದರೂ ನಡುರಾತ್ರಿಯಲ್ಲಿ ಬಂದು ಬಾಗಿಲು ತಟ್ಟಬಹುದು. ತಟ್ಟುವವರೆಲ್ಲರೂ ಗಿರಾಕಿಗಳಲ್ಲ.

ನಾವು ಊರಿನ ಶಾಲೆಯಲ್ಲಿ ಏಳನೆಯ ತರಗತಿ ಮುಗಿಸಿ ಮುಂಬಯಿಯ ಬಸ್ಸು ಹತ್ತಿದವರು. ಮೋರಿಯಲ್ಲಿ ಕಪ್ಪುಬಸಿ ತೊಳೆದು, ಮೇಜು ಒರಸಿ, ಆಮೇಲೆ ಸಪ್ಲೈಗೆ ಬಂದವರು. ಕಂಪ್ಯೂಟರಿನ ಶಾಸ್ತ್ರ ಹೇಳಲು ನಾವು ಯಾರು ಎಂದು ತಾವು ಕೇಳಬಹುದು. ಶಾಸ್ತ್ರ ಹೇಳಲು ನಿಂತಿಲ್ಲ. ನಮ್ಮ ಸಂಘದಲ್ಲಿ ನಡೆದದ್ದನ್ನು ಹೇಳಬೇಕಾಗಿದೆ. ಅದರಲ್ಲಿ ನಮ್ಮ ಕೈಯೂ ಇದ್ದುದರಿಂದ ನಮ್ಮ ಬಾಯಿಯಿಂದಲೇ ಬರುವುದು ಒಳ್ಳೆಯದು.

ಸಂಘವು ಒಂದು ಸರ್ವರನ್ನು ತಿಂಗಳ ಬಾಡಿಗೆಗೆ ಇಟ್ಟುಕೊಂಡಿದೆಯೆಂಬುದು ತಮಗೆ ತಿಳಿದಿದೆ. ಅದರಲ್ಲಿ ಸದಸ್ಯರ ಹೆಸರು ವಿಳಾಸ, ಸಹಾಯನಿಧಿಯ ಲೆಕ್ಕ, ಸಾಲದ ಕಂತು ಇವೆಲ್ಲ ಇದ್ದವು. ಅದಕ್ಕಿಂತ ಹೆಚ್ಚಿನದೊಂದು ಇತ್ತು. ೧೯೮೨ರ ಜನವರಿಯಲ್ಲಿ ಆರಂಭವಾದ ಗಿರಣಿ ಮುಷ್ಕರದ ಕಾಲದ ನಮ್ಮ ಹಿರಿಯರು, ಅವರಿಲ್ಲದಿದ್ದರೆ ಅವರ ಹೆಂಡತಿ ಮಕ್ಕಳು, ಗಿರಣಿ ಕಾರ್ಮಿಕರಿಗಾಗಿ ಇರುವ ಮ್ಹಾಡಾ ಮನೆಗಳಿಗೆ ಅರ್ಜಿ ಹಾಕಿ ಕಾಯುತ್ತಿದ್ದಾರೆ. ಅದಕ್ಕೆ ಬೇಕಾದ ಗಿರಣಿಯ ಚೀಟಿ, ಇ.ಎಸ್.ಐ. ಕಾರ್ಡು, ಪ್ರಾವಿಡೆಂಟ್ ಫಂಡಿನ ಕಾಗದ ಇವುಗಳ ಪ್ರತಿ ತೆಗೆದು ಇಡುವ ಕೆಲಸವನ್ನು ಸಂಘ ಕೈಗೆತ್ತಿಕೊಂಡಿತ್ತು. ಗಿರಣಿಯೇ ಇಲ್ಲ, ಅದರ ಜಾಗದಲ್ಲಿ ಗಾಜಿನ ಕಟ್ಟಡ ನಿಂತಿದೆ. ಕೆಲಸ ಮಾಡಿದ್ದಕ್ಕೆ ಸಾಕ್ಷಿ ಆ ಹಳದಿಯಾದ ಚೀಟಿ ಮಾತ್ರ. ೨೦೦೫ರ ಜುಲೈ ೨೬ರ ಮಳೆಯಲ್ಲಿ ಎಷ್ಟೋ ಮನೆಗಳ ಪೆಟ್ಟಿಗೆಗಳು ನೀರು ಪಾಲಾದ ನೆನಪು ಇನ್ನೂ ಮಾಸದ ಕಾರಣ, ಪ್ರತಿ ಒಂದು ಕಡೆ ಭದ್ರವಾಗಿರಲಿ ಎಂಬುದೇ ನಮ್ಮ ಉದ್ದೇಶವಾಗಿತ್ತು.

ಭದ್ರವಾಗಿರಲಿಲ್ಲ. ೨೦೨೪ರ ಜುಲೈ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಕಚೇರಿಯಲ್ಲಿ ಯಂತ್ರ ತೆರೆದಾಗ ಒಂದೇ ಒಂದು ಕಡತವೂ ತೆರೆಯಲಿಲ್ಲ. ಎಲ್ಲದರ ಹೆಸರೂ ಬದಲಾಗಿತ್ತು. ಜತೆಗೊಂದು ಇಂಗ್ಲಿಷ್ ಚೀಟಿ: ಬೀಗ ಹಾಕಿದ್ದೇವೆ, ಹಣ ಕೊಟ್ಟರೆ ಕೀಲಿ ಕೊಡುತ್ತೇವೆ. ಹಣ ಕೊಡಲಿಲ್ಲ, ಕೊಡಲು ಇರಲೂ ಇಲ್ಲ. ಹನ್ನೊಂದು ದಿನ ಸಹಾಯನಿಧಿ ನಿಂತಿತು. ಕೊನೆಗೆ ಕಪಾಟಿನ ಮೂಲೆಯಲ್ಲಿ ಏಳು ತಿಂಗಳ ಹಿಂದಿನ ಒಂದು ಬ್ಯಾಕಪ್ ಸಿಕ್ಕಿತು. ಆ ಏಳು ತಿಂಗಳಲ್ಲಿ ಸೇರಿಸಿದ್ದೆಲ್ಲ ಹೋಯಿತು.

ಹೋದವುಗಳಲ್ಲಿ ಒಬ್ಬ ತಾಯಿಯ ಕಾಗದವಿತ್ತು. ಯಜಮಾನರು ಮಗ್ಗದ ಖಾತೆಯಲ್ಲಿ ಇದ್ದವರು, ತೀರಿಹೋಗಿ ವರ್ಷಗಳಾದವು. ನಾವು ಪ್ರತಿ ತೆಗೆದುಕೊಂಡ ಮೇಲೆ ಅವರು ಮೂಲ ಚೀಟಿಯನ್ನು ಊರಿಗೆ ಒಯ್ದಿದ್ದರು. ಅಲ್ಲಿ ಗೆದ್ದಲು ಹಿಡಿಯಿತು. "ಅಡ್ಡಿಯಿಲ್ಲ, ಸಂಘದಲ್ಲಿ ಉಂಟಲ್ಲ" ಎಂಬ ಧೈರ್ಯದ ಮೇಲೆ ಇದ್ದರು. ಕಚೇರಿಗೆ ಬಂದು, "ಮಗಾ, ಅವರ ಚೀಟಿ ತೆಗೆದುಕೊಡು" ಎಂದರು. ಏನು ಹೇಳುವುದು? ಪ್ರಾವಿಡೆಂಟ್ ಫಂಡಿನ ಕಚೇರಿಗೆ ಅವರೊಡನೆ ಐದು ತಿಂಗಳು ಅಲೆದು ಬೇರೆ ದಾಖಲೆ ಪಡೆದೆವು. ಪ್ರತಿ ಸಲವೂ ಅವರು ಮನೆಯಿಂದ ಚಪಾತಿ ಕಟ್ಟಿಕೊಂಡು ಬಂದು ನಮಗೂ ಕೊಡುತ್ತಿದ್ದರು. ಆ ಚಪಾತಿ ಗಂಟಲಿನಲ್ಲಿ ಇಳಿಯುತ್ತಿರಲಿಲ್ಲ.

ಆ ತಿಂಗಳ ಕಾರ್ಯಕಾರಿ ಸಭೆಯಲ್ಲಿ ಏನಾಯಿತೆಂಬುದು ಇಲ್ಲಿರುವ ಹಲವರಿಗೆ ಗೊತ್ತು. ಸರ್ವರು ನೋಡಿಕೊಳ್ಳುತ್ತಿದ್ದವನು ನಮ್ಮ ಭಟ್ಟರೊಬ್ಬರ ಮಗ. ಹಗಲು ಕಾಲೇಜು, ಸಂಜೆ ನಮ್ಮ ಕಚೇರಿ, ತಿಂಗಳಿಗೆ ಎರಡು ಸಾವಿರ ರೂಪಾಯಿ. ತಪ್ಪು ಅವನದೆಂದು ತೀರ್ಮಾನಿಸಿ ಅವನನ್ನು ತೆಗೆದುಹಾಕಿದೆವು. ಹೊಟೇಲಿನಲ್ಲಿ ಗ್ಲಾಸು ಒಡೆದರೆ ಮಾಣಿಯ ಸಂಬಳದಲ್ಲಿ ಮುರಿಯುವ ಧಣಿಗಳ ವಿರುದ್ಧ ಇದೇ ವೇದಿಕೆಯಿಂದ ಗುಡುಗಿದ ನಾವೇ, ಆ ದಿನ ಕೈ ಎತ್ತಿದೆವು. ಹುಡುಗ ಒಂದು ಮಾತೂ ಆಡದೆ ಕೀಲಿಗೊಂಚಲು ಮೇಜಿನ ಮೇಲಿಟ್ಟು ಹೋದ.

ಆಮೇಲೆ ವಿಚಾರಿಸಿ ನೋಡಿದಾಗ ಬೇರೆ ಕಥೆ ಹೊರಬಿತ್ತು. ಆ ಸರ್ವರಿನಲ್ಲಿ ಇದ್ದದ್ದು ಉಬುಂಟು ೧೮.೦೪ ಎಂಬ ವ್ಯವಸ್ಥೆ. ೨೦೧೮ರ ಏಪ್ರಿಲಿನಲ್ಲಿ ಹೊರಬಂದ ಅದಕ್ಕೆ ತಯಾರಕರ ಮಾಮೂಲು ಆರೈಕೆ ೨೦೨೩ರ ಮೇ ೩೧ಕ್ಕೆ ಮುಗಿದಿತ್ತು. ಮುಗಿಯುತ್ತದೆ, ಬದಲಿಸಿಕೊಳ್ಳಿ ಎಂದು ಬಾಡಿಗೆಯ ಕಂಪೆನಿಯವರು ಮೂರು ಸಲ ಈಮೇಲ್ ಬರೆದಿದ್ದರು. ನಮ್ಮ ಜಾಲತಾಣಕ್ಕೆ ಜೋಡಿಸಿದ್ದ ಒಂದು ಪುಟ್ಟ ಪ್ಲಗಿನ್ನಿನಲ್ಲಿ ತೂತಿದೆ, ಕೂಡಲೆ ಹೊಸದನ್ನು ಹಾಕಿಕೊಳ್ಳಿ ಎಂದು ಅದನ್ನು ಮಾಡಿದವರೂ ಬರೆದಿದ್ದರು. ಕಳ್ಳ ಬಂದದ್ದು ಆ ತೂತಿನಿಂದಲೇ. ಈ ಪತ್ರಗಳೆಲ್ಲ ಹೋದದ್ದು ಹಿಂದಿನ ಖಜಾಂಚಿಗಳ ವಿಳಾಸಕ್ಕೆ. ಅವರು ಮೂರು ವರ್ಷದ ಹಿಂದೆಯೇ ಕೆಲಸ ಬಿಟ್ಟು ಕುಂದಾಪುರದ ಕಡೆ ಮನೆ ಸೇರಿದ್ದರು. ಹುಡುಗನಿಗೆ ಆ ಅಂಚೆಪೆಟ್ಟಿಗೆಯ ಪಾಸ್‌ವರ್ಡನ್ನು ಯಾರೂ ಕೊಟ್ಟಿರಲಿಲ್ಲ.

ಇನ್ನೂ ಒಂದುಂಟು. ೨೦೨೪ರ ಜನವರಿಯಲ್ಲಿ ಆ ಹುಡುಗ ಬಂದು, ಒಂದು ರಾತ್ರಿ ಸರ್ವರು ನಿಲ್ಲಿಸಿ ಹೊಸ ವ್ಯವಸ್ಥೆ ಹಾಕುತ್ತೇನೆ ಎಂದು ಕೇಳಿದ್ದ. ವಾರ್ಷಿಕೋತ್ಸವದ ಟಿಕೇಟುಗಳು ಅದರಲ್ಲಿ ಮಾರಾಟವಾಗುತ್ತಿದ್ದ ಸಮಯ. "ನಡೆಯುತ್ತಾ ಉಂಟಲ್ಲ, ಮುಟ್ಟಬೇಡ" ಎಂಬ ಉತ್ತರ ಸಿಕ್ಕಿತು. ಉತ್ತರ ಕೊಟ್ಟವರು ನಾವು.

ಇಂಥ ಗತಿ ನಮ್ಮಂಥ ಬಡ ಸಂಘಕ್ಕೆ ಮಾತ್ರ ಬರುವುದೆಂದು ಆಗ ತಿಳಿದಿದ್ದೆವು. ಆದರೆ ಕಂಪ್ಯೂಟರಿನ ಕೆಲಸದಲ್ಲಿರುವ ನಮ್ಮ ಸದಸ್ಯರೊಬ್ಬರ ಮಗಳು, ಕಚೇರಿಗೆ ಬಂದು ಕುಳಿತು, ಅಮೆರಿಕದ ಒಂದು ದೊಡ್ಡ ಪ್ರಕರಣದ ವರದಿಯನ್ನು ನಮಗೆ ಓದಿ ಅರ್ಥ ಹೇಳಿದರು. ಅದನ್ನು ಸ್ವಲ್ಪ ವಿಸ್ತಾರವಾಗಿಯೇ ತಮ್ಮ ಮುಂದಿಡುತ್ತೇವೆ.

ಸಾಲ ಕೇಳಲು ಬ್ಯಾಂಕಿಗೆ ಹೋದರೆ 'ಸಿಬಿಲ್' ನೋಡುತ್ತಾರಲ್ಲವೇ? ಅಮೆರಿಕದಲ್ಲಿ ಅಂಥದೇ ಲೆಕ್ಕ ಇಡುವ ಕಂಪೆನಿ ಈಕ್ವಿಫ್ಯಾಕ್ಸ್, ಅಟ್ಲಾಂಟಾ ನಗರದ್ದು. ಜನರು ತಮ್ಮ ಲೆಕ್ಕದಲ್ಲಿ ತಪ್ಪಿದ್ದರೆ ತಕರಾರು ಸಲ್ಲಿಸಲು ಅವರದೊಂದು ಜಾಲತಾಣವಿತ್ತು. ಅದು ಅಪಾಚೆ ಸ್ಟ್ರಟ್ಸ್ ಎಂಬ ಸಾಫ್ಟ್‌ವೇರಿನ ಮೇಲೆ ನಿಂತಿತ್ತು. ೨೦೧೭ರ ಮಾರ್ಚ್ ೭ರಂದು ಆ ಸಾಫ್ಟ್‌ವೇರಿನಲ್ಲಿ ದೊಡ್ಡ ತೂತಿದೆಯೆಂದು ಪ್ರಕಟವಾಯಿತು. ಮುಚ್ಚುವ ತೇಪೆಯೂ ಸಿದ್ಧವಿತ್ತು. ಮಾರ್ಚ್ ೮ರಂದು ಅಮೆರಿಕದ ಸರಕಾರದ ಎಚ್ಚರಿಕೆ ಬಂತು. ಮಾರ್ಚ್ ೯ರಂದು ಕಂಪೆನಿಯೊಳಗೆ ನಾನೂರಕ್ಕೂ ಹೆಚ್ಚು ಜನರಿಗೆ ಈಮೇಲ್ ಹೋಯಿತು: ೪೮ ಗಂಟೆಯೊಳಗೆ ತೇಪೆ ಹಾಕಿ. ಇಲ್ಲಿಯವರೆಗೆ ಎಲ್ಲ ಸರಿ. ಆದರೆ ಕಳುಹಿಸಿದ ಪಟ್ಟಿ ಹಳೆಯದು. ಆ ಜಾಲತಾಣವನ್ನು ನಿಜವಾಗಿ ನೋಡಿಕೊಳ್ಳುವವರ ಹೆಸರು ಅದರಲ್ಲಿರಲಿಲ್ಲ. ಒಂದು ವಾರದ ಮೇಲೆ ಯಂತ್ರಗಳನ್ನು ಜಾಲಾಡಿ ನೋಡಿದರು. ಎಲ್ಲಿ ಹುಡುಕಬೇಕೋ ಅಲ್ಲಿ ಹುಡುಕಲಿಲ್ಲವಾದ್ದರಿಂದ ತೂತು ಸಿಗಲಿಲ್ಲ. ಯಾವ ಸಾಫ್ಟ್‌ವೇರು ಯಾವ ಯಂತ್ರದಲ್ಲಿದೆ ಎಂಬ ಪೂರ್ಣ ಪಟ್ಟಿಯೇ ಅಷ್ಟು ದೊಡ್ಡ ಕಂಪೆನಿಯಲ್ಲಿ ಇರಲಿಲ್ಲ.

ಮೇ ೧೩ಕ್ಕೆ ಕಳ್ಳರು ಒಳಹೊಕ್ಕರು. ಜುಲೈ ೩೦ರವರೆಗೆ ಒಳಗೇ ಓಡಾಡಿಕೊಂಡಿದ್ದರು. ಕಳ್ಳತನ ಕಾಣಿಸಬೇಕಾದ ಒಂದು ಯಂತ್ರವೂ ಅಲ್ಲಿತ್ತು. ಅದರ ಪ್ರಮಾಣಪತ್ರದ ಅವಧಿ ಎಷ್ಟೋ ತಿಂಗಳ ಹಿಂದೆ ಮುಗಿದು ಅದು ಕುರುಡಾಗಿತ್ತು. ಜುಲೈ ೨೯ರಂದು ಪ್ರಮಾಣಪತ್ರ ಹೊಸದು ಹಾಕಿದ ಕೂಡಲೇ ಕಳ್ಳರ ಓಡಾಟ ಕಣ್ಣಿಗೆ ಬಿತ್ತು. ಅಷ್ಟರಲ್ಲಿ ಸುಮಾರು ೧೪ ಕೋಟಿ ೭೦ ಲಕ್ಷ ಜನರ ವಿವರ ಹೋಗಿತ್ತು. ಸೆಪ್ಟೆಂಬರ್ ೭ರಂದು ಲೋಕಕ್ಕೆ ತಿಳಿಸಿದರು.

ಮುಂದಿನದನ್ನು ಕಿವಿಗೊಟ್ಟು ಕೇಳಿ. ಕಂಪೆನಿಯ ಮುಖ್ಯಾಧಿಕಾರಿ ರಿಚರ್ಡ್ ಸ್ಮಿತ್ ಸೆಪ್ಟೆಂಬರ್ ತಿಂಗಳಲ್ಲೇ ನಿವೃತ್ತರಾದರು. ಅಕ್ಟೋಬರ್ ೩ರಂದು ಅಮೆರಿಕದ ಪಾರ್ಲಿಮೆಂಟಿನ ಸಮಿತಿಯ ಮುಂದೆ ನಿಂತು, ತೇಪೆ ಹಾಕಿಸಬೇಕೆಂದು ತಿಳಿಸುವ ಹೊಣೆಯಿದ್ದ ಒಬ್ಬ ವ್ಯಕ್ತಿ ತಿಳಿಸಲಿಲ್ಲ ಎಂಬ ಅರ್ಥದ ಮಾತನ್ನು ಆಡಿದರು. ಅದರ ಹಿಂದಿನ ದಿನವೇ ಒಬ್ಬ ಅಧಿಕಾರಿಯನ್ನು, ಈಮೇಲನ್ನು ಮುಂದಕ್ಕೆ ಕಳುಹಿಸಲಿಲ್ಲ ಎಂಬ ಕಾರಣಕ್ಕೆ ಮನೆಗೆ ಕಳುಹಿಸಿದ್ದರು. ಆತ ಕೂಲಿಯವನಲ್ಲ, ದೊಡ್ಡ ಹುದ್ದೆಯವನೇ. ಆದರೂ ನಾನೂರು ಜನರಿಗೆ ಹೋದ ಪತ್ರ, ಯಾರಿಗೂ ಇಲ್ಲದ ಪಟ್ಟಿ, ಕುರುಡಾದ ಕಾವಲುಯಂತ್ರ, ಇವೆಲ್ಲ ಸೇರಿ ಆದ ಅನಾಹುತಕ್ಕೆ ಒಬ್ಬನ ತಲೆ! ೨೦೧೮ರ ಡಿಸೆಂಬರಿನಲ್ಲಿ ಬಂದ ಇನ್ನೊಂದು ಸಮಿತಿಯ ವರದಿ, ಇದು ಪೂರ್ತಿಯಾಗಿ ತಪ್ಪಿಸಬಹುದಾಗಿದ್ದ ಅನಾಹುತ ಎಂದಿತು. ೨೦೧೯ರಲ್ಲಿ ಕನಿಷ್ಠ ೫೭ ಕೋಟಿ ೫೦ ಲಕ್ಷ ಡಾಲರಿನ ರಾಜಿಗೆ ಕಂಪೆನಿ ಒಪ್ಪಬೇಕಾಯಿತು.

ಆ ದಿನ ವರದಿ ಕೇಳಿ ಮುಗಿಸಿ ನಾವು ಬಹಳ ಹೊತ್ತು ಸುಮ್ಮನೆ ಕುಳಿತೆವು. ಮರುದಿನ ಭಟ್ಟರ ಮನೆಗೆ ಹೋಗಿ ಹುಡುಗನಲ್ಲಿ ಕ್ಷಮೆ ಕೇಳಿದೆವು. ಅವನು ಆಗಲೇ ಅಂಧೇರಿಯ ಒಂದು ಕಂಪೆನಿಯಲ್ಲಿ ಕೆಲಸ ಹಿಡಿದಿದ್ದ. ಭಟ್ಟರು ಚಹ ಕೊಟ್ಟರು, ಮಾತು ಕೊಡಲಿಲ್ಲ. ಹುಡುಗ ಭಾನುವಾರ ಬರುತ್ತೇನೆಂದ, ಬಂದ. ಮುಂದೆ ಹೇಳುವ ಕ್ರಮವನ್ನು ಹಾಕಿಕೊಟ್ಟವರು ಅವನು ಮತ್ತು ಆ ಸದಸ್ಯರ ಮಗಳು.

ಗಿರಣಿಯವರಿಗೆ ತೇಪೆ ಎಂದರೆ ವಿವರಿಸಬೇಕಿಲ್ಲ. ಸಾಫ್ಟ್‌ವೇರು ಮನುಷ್ಯ ಬರೆದದ್ದು. ನೇಯ್ದ ಬಟ್ಟೆಯಲ್ಲಿ ಎಳೆ ತಪ್ಪುವಂತೆ ಅದರಲ್ಲೂ ತಪ್ಪುತ್ತದೆ. ತಪ್ಪಿದ ಜಾಗ ಕಂಡಾಗ ತಯಾರಕರು ತೇಪೆ ಕಳುಹಿಸುತ್ತಾರೆ. ಅದನ್ನೇ ಅಪ್‌ಡೇಟ್ ಎನ್ನುವುದು. ಇಲ್ಲೊಂದು ಕೆಟ್ಟ ಸಂಗತಿಯಿದೆ. ತೇಪೆ ಪ್ರಕಟವಾದ ದಿನವೇ ತೂತು ಎಲ್ಲಿತ್ತೆಂಬುದು ಕಳ್ಳನಿಗೂ ತಿಳಿಯುತ್ತದೆ. ಹಾಕಿಕೊಂಡವನು ಬಚಾವು, ಹಾಕಿಕೊಳ್ಳದವನ ಮನೆಯ ವಿಳಾಸ ಊರಿಗೆಲ್ಲ ಸಾರಿದಂತೆ. ಅದೇ ೨೦೧೭ರಲ್ಲಿ ಮಾರ್ಚ್ ೧೪ಕ್ಕೆ ಮೈಕ್ರೋಸಾಫ್ಟಿನವರು ವಿಂಡೋಸಿಗೆ ಒಂದು ತೇಪೆ ಕೊಟ್ಟರು. ಮೇ ೧೨ರಂದು ವಾನಾಕ್ರೈ ಎಂಬ ಪೀಡೆ ಅದೇ ತೂತಿನಿಂದ ನುಗ್ಗಿತು. ನಡುವೆ ಎರಡು ತಿಂಗಳ ಸಮಯವಿತ್ತು. ಹಾಗಿದ್ದೂ ಇಂಗ್ಲೆಂಡಿನ ಸರಕಾರಿ ಆಸ್ಪತ್ರೆ ವ್ಯವಸ್ಥೆಯಲ್ಲಿ ೨೩೬ ಟ್ರಸ್ಟುಗಳ ಪೈಕಿ ಕನಿಷ್ಠ ೮೦ಕ್ಕೆ ಅದರ ಪೆಟ್ಟು ತಟ್ಟಿತು. ರೋಗಿಗಳನ್ನು ಹೊತ್ತ ಆಂಬುಲೆನ್ಸುಗಳನ್ನು ಬೇರೆ ಕಡೆಗೆ ತಿರುಗಿಸಬೇಕಾಯಿತು.

ಹಾಗಾದರೆ ಬರುವ ಎಚ್ಚರಿಕೆಗಳನ್ನೆಲ್ಲ ಓದುತ್ತ ಕೂರುವುದೇ? ಆಗದ ಮಾತು. ೧೯೯೯ರಿಂದ ಇಂಥ ಒಂದೊಂದು ತೂತಿಗೂ ಒಂದು ಅಂತರರಾಷ್ಟ್ರೀಯ ಸಂಖ್ಯೆ ಕೊಡುತ್ತಾರೆ, ಸಿ.ವಿ.ಇ. ಎನ್ನುತ್ತಾರೆ. ೨೦೨೪ ಒಂದೇ ವರ್ಷದಲ್ಲಿ ಕೊಟ್ಟ ಸಂಖ್ಯೆಗಳು ನಲವತ್ತು ಸಾವಿರದಷ್ಟು. ಯಾವ ಮನುಷ್ಯನೂ ಓದಿ ಮುಗಿಸಲಾರ. ಆದುದರಿಂದ ಮೊದಲು ಬೇಕಾದದ್ದು ಎಚ್ಚರಿಕೆಯ ಪಟ್ಟಿಯಲ್ಲ, ನಮ್ಮ ಮನೆಯ ಪಟ್ಟಿ. ಉಗ್ರಾಣದಲ್ಲಿ ಏನಿದೆಯೆಂದು ತಿಳಿಯದವನಿಗೆ ಪೇಟೆಯಲ್ಲಿ ಯಾವುದು ಕೆಟ್ಟಿತೆಂಬ ಸುದ್ದಿ ಏತಕ್ಕೆ?

ಹೀಗೆ ಹುಟ್ಟಿದ್ದೇ ಈ ಉದ್ದನೆಯ ಕೆಂಪು ಬೈಂಡಿನ ಪುಸ್ತಕ. ನಮ್ಮ ಯಂತ್ರಗಳು ಯಾವುವು, ಎಲ್ಲಿವೆ, ಒಂದೊಂದರಲ್ಲಿ ಯಾವ ವ್ಯವಸ್ಥೆ, ಅದರ ಮೇಲೆ ಏನೇನು ಸಾಫ್ಟ್‌ವೇರು, ಯಾವ ಪ್ಲಗಿನ್, ತಯಾರಕರ ಆರೈಕೆ ಯಾವ ತಾರೀಖಿನವರೆಗೆ, ಎಚ್ಚರಿಕೆಯ ಪತ್ರ ಯಾವ ವಿಳಾಸಕ್ಕೆ ಬರುತ್ತದೆ, ನೋಡುವವರು ಯಾರು, ಅವರು ರಜೆ ಹೋದರೆ ಯಾರು, ಕೊನೆಯ ಸಲ ಮಾಡಿದ್ದು ಎಂದು, ಎಲ್ಲಕ್ಕೂ ಒಂದೊಂದು ಕಲಮು. ಬರೆದು ಮುಗಿಸಲು ನಾಲ್ಕು ಭಾನುವಾರ ಹಿಡಿಯಿತು. ಎರಡು ಯಂತ್ರ ಇವೆಯೆಂದು ನಂಬಿದ್ದೆವು, ಐದು ಸಿಕ್ಕವು. ರಾತ್ರಿಶಾಲೆಯ ಹಾಜರಿಗೆಂದು ಯಾರೋ ಬಹಳ ಹಿಂದೆ ಬಾಡಿಗೆಗೆ ಹಿಡಿದ ಒಂದು ಸರ್ವರಿಗೆ ಇನ್ನೂ ತಿಂಗಳು ತಿಂಗಳು ಹಣ ಹೋಗುತ್ತಿತ್ತು. ಶಾಲೆಯ ಹಾಜರಿ ಮಾತ್ರ ಕಾಗದದ ಮೇಲೆಯೇ ನಡೆದಿತ್ತು! ಅದನ್ನು ಮುಚ್ಚಿಸಿದೆವು. ಇಲ್ಲದ ಯಂತ್ರಕ್ಕೆ ತೇಪೆ ಬೇಕಾಗಿಲ್ಲ.

ಮುಖ್ಯ ಸರ್ವರಿನಲ್ಲಿ ಈಗ ಡೆಬಿಯನ್ ೧೨ ಇದೆ. ೨೦೨೩ರ ಜೂನಿನಲ್ಲಿ ಹೊರಬಂದದ್ದು. ಮೂರು ವರ್ಷ ಪೂರ್ತಿ ಆರೈಕೆ, ಅದರ ಮೇಲೆ ಎರಡು ವರ್ಷ ದೀರ್ಘಾವಧಿಯ ಆರೈಕೆ, ಒಟ್ಟು ೨೦೨೮ರ ಜೂನ್‌ವರೆಗೆ. ಆ ತಾರೀಖನ್ನು ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆದಿದೆ. ಅದರ ಭದ್ರತೆಯ ತೇಪೆಗಳು ರಾತ್ರಿ ತಾವಾಗಿಯೇ ಬಂದು ಕೂರುವಂತೆ ಏರ್ಪಾಡಾಗಿದೆ. ಪತ್ರಗಳು ಒಬ್ಬ ಮನುಷ್ಯನ ವಿಳಾಸಕ್ಕೆ ಬರುವುದಿಲ್ಲ. ಸಂಘದ ವಿಳಾಸಕ್ಕೆ ಬಂದು ಮೂವರಿಗೆ ಕಾಣುತ್ತವೆ. ನಮ್ಮ ದೇಶದ ಸರಕಾರದ ಸರ್ಟ್-ಇನ್ ಎಂಬ ಸಂಸ್ಥೆ ೨೦೦೪ರಿಂದ ಕೆಲಸ ಮಾಡುತ್ತಿದೆ. ಅವರ ಎಚ್ಚರಿಕೆಗಳು ಯಾರಿಗೂ ಪುಕ್ಕಟೆ ಸಿಗುತ್ತವೆ. ಅಮೆರಿಕದ ಸಿಸಾ ಎಂಬ ಇಲಾಖೆ ೨೦೨೧ರ ನವೆಂಬರಿನಿಂದ ಇನ್ನೊಂದು ಪಟ್ಟಿ ಇಟ್ಟಿದೆ: ಕಳ್ಳರು ಈಗಾಗಲೇ ಬಳಸಿದ ತೂತುಗಳು ಮಾತ್ರ ಅದರಲ್ಲಿ. ನಮ್ಮ ಪುಸ್ತಕದಲ್ಲಿರುವ ಹೆಸರು ಆ ಪಟ್ಟಿಯಲ್ಲಿ ಕಂಡರೆ ಭಾನುವಾರದವರೆಗೆ ಕಾಯುವುದಿಲ್ಲ, ಅದೇ ದಿನ ಮಾಡಬೇಕು. ಇನ್ನು, ಇಂಥ ದಾಳಿಯಾದರೆ ಸಂಸ್ಥೆಗಳು ಆರು ಗಂಟೆಯೊಳಗೆ ಸರ್ಟ್-ಇನ್‌ಗೆ ತಿಳಿಸಬೇಕೆಂದು ೨೦೨೨ರ ಏಪ್ರಿಲ್ ೨೮ರ ನಿರ್ದೇಶನವಿದೆ. ನಾವು ತಿಳಿಸಿದ್ದು ಎಂಟನೆಯ ದಿನ. ಗೊತ್ತಿರಲಿಲ್ಲ ಎಂಬುದು ಕಾರಣ, ಅದು ಸಮಾಧಾನವಲ್ಲ.

ತಾವಾಗಿಯೇ ಬರುತ್ತವೆಯಾದರೆ ಮನುಷ್ಯ ಏಕೆ ಎಂದು ಕಳೆದ ಸಭೆಯಲ್ಲಿ ಹಿರಿಯರೊಬ್ಬರು ಕೇಳಿದ್ದರು. ಒಳ್ಳೆಯ ಪ್ರಶ್ನೆ. ಅಡುಗೆಮನೆಯಲ್ಲಿ ಹೊಸ ಹಿಟ್ಟು ರುಬ್ಬಿ ಇಟ್ಟಿದ್ದೀರಿ. ಆದರೆ ಕಾವಲಿಯ ಪಕ್ಕದ ಪಾತ್ರೆಯಲ್ಲಿ ನಿನ್ನೆಯ ಹುಳಿ ಹಿಟ್ಟು ಇದೆ, ದೋಸೆಯವನು ಅದನ್ನೇ ಹೊಯ್ಯುತ್ತಿದ್ದಾನೆ. ಹೊಸ ಹಿಟ್ಟು ಬಂದು ಏನು ಪ್ರಯೋಜನ? ೨೦೧೪ರ ಏಪ್ರಿಲಿನಲ್ಲಿ ಓಪನ್‌ಎಸ್ಎಸ್ಎಲ್ ಎಂಬುದರಲ್ಲಿ ಹಾರ್ಟ್‌ಬ್ಲೀಡ್ ಎಂಬ ತೂತು ಸಿಕ್ಕಿದಾಗ ಇದೇ ತೊಡಕಿತ್ತು: ತೇಪೆ ಡಿಸ್ಕಿಗೆ ಬಂದು ಕುಳಿತರೂ, ನಡೆಯುತ್ತಿರುವ ಸೇವೆಯನ್ನು ನಿಲ್ಲಿಸಿ ಮತ್ತೆ ಆರಂಭಿಸುವವರೆಗೆ ಅದು ಹಳೆಯದನ್ನೇ ಹಿಡಿದುಕೊಂಡಿರುತ್ತದೆ. ಯಂತ್ರದ ಮೂಲ ಕರ್ನಲ್ಲಿಗೆ ತೇಪೆ ಬಂದರೆ ಸಾಮಾನ್ಯವಾಗಿ ಇಡೀ ಯಂತ್ರವನ್ನೇ ಒಮ್ಮೆ ಆರಿಸಿ ಹೊತ್ತಿಸಬೇಕು. "ಮರುಪ್ರಾರಂಭ ಬೇಕು" ಎಂದು ಯಂತ್ರವೇ ಒಳಗೊಂದು ಚೀಟಿ ಇಡುತ್ತದೆ. ಚೀಟಿ ಓದಲು ಮನುಷ್ಯ ಬೇಕು. ಹಾಗೆಯೇ ಪ್ಲಗಿನ್ನುಗಳ ತೇಪೆ ಡೆಬಿಯನ್ನಿನವರಿಂದ ಬರುವುದಿಲ್ಲ. ಅದನ್ನು ಬೇರೆಯೇ ನೋಡಬೇಕು. ನಮ್ಮಲ್ಲಿ ಕಳ್ಳ ಬಂದದ್ದೂ ಅಲ್ಲಿಂದಲೇ ತಾನೇ?

ಈ ನಡುವೆ ಭದ್ರತೆಯ ಸಲಹೆ ಮಾರುವ ಒಬ್ಬರು ಕಚೇರಿಗೆ ಬಂದು, ನಿಮ್ಮ ಸರ್ವರಿನಲ್ಲಿರುವುದೆಲ್ಲ ಹಳೆಯ ಆವೃತ್ತಿ ಎಂದು ನಾಲ್ಕು ಪುಟದ ಪಟ್ಟಿ ಕೊಟ್ಟು, ದೊಡ್ಡ ಮೊತ್ತ ಕೇಳಿದರು. ಖಜಾಂಚಿಗಳು ಹೆದರಿ ಚೆಕ್ಕಿಗೆ ಕೈ ಹಾಕಿದ್ದರು. ಹುಡುಗ ಪಟ್ಟಿ ನೋಡಿ ನಕ್ಕ. ಡೆಬಿಯನ್ನಿನವರು ಅಂಗಿ ಬದಲಿಸುವುದಿಲ್ಲ, ಅದೇ ಅಂಗಿಗೆ ತೇಪೆ ಹಚ್ಚುತ್ತಾರೆ. ಆದುದರಿಂದ ಆವೃತ್ತಿಯ ಮುಂದಿನ ಅಂಕೆ ಹಳೆಯದೇ ಇರುತ್ತದೆ; ಕೊನೆಯ ಬಾಲದ ಅಂಕೆ ಮಾತ್ರ ಬದಲಾಗುತ್ತದೆ. ಮುಂದಿನ ಅಂಕೆ ಮಾತ್ರ ನೋಡುವವನಿಗೆ ಎಲ್ಲವೂ ತೂತಾಗಿಯೇ ಕಾಣುತ್ತದೆ. ಯಾವ ತೂತು ಯಾವ ಬಾಲದಲ್ಲಿ ಮುಚ್ಚಿತೆಂಬುದನ್ನು ಡೆಬಿಯನ್ನಿನ ಭದ್ರತಾ ದಾಖಲೆಯಲ್ಲಿ ಸಿ.ವಿ.ಇ. ಸಂಖ್ಯೆ ಹಾಕಿ ನೋಡಬಹುದು. ನೋಡಿದೆವು. ನಾಲ್ಕು ಪುಟದಲ್ಲಿ ನಿಜವಾಗಿ ಉಳಿದದ್ದು ಎರಡು ಸಾಲು. ಆ ಎರಡನ್ನು ಸರಿಪಡಿಸಿದೆವು; ಚೆಕ್ಕು ಪುಸ್ತಕದಲ್ಲೇ ಉಳಿಯಿತು.

ಇನ್ನೊಂದು ಆಕ್ಷೇಪಣೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅಪ್‌ಡೇಟೇ ಅನಾಹುತ ಮಾಡಿದರೆ? ೨೦೨೪ರ ಜುಲೈ ೧೯ರ ಶುಕ್ರವಾರ ನೆನಪಿದೆಯೇ? ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಕೈಯಿಂದ ಬರೆದ ಬೋರ್ಡಿಂಗ್ ಪಾಸು ಕೊಟ್ಟ ದಿನ. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪೆನಿ ಕಳುಹಿಸಿದ ಒಂದು ಕೆಟ್ಟ ಅಪ್‌ಡೇಟಿನಿಂದ ಲೋಕದಲ್ಲಿ ಸುಮಾರು ೮೫ ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಕುಳಿತವು. ಕಾವಲುಗಾರನೇ ಬಾಗಿಲಿಗೆ ಅಡ್ಡ ಬಿದ್ದಂತಾಯಿತು. ಇದನ್ನು ಹಿಡಿದು "ಮುಟ್ಟದಿರುವುದೇ ಲೇಸು" ಎನ್ನುವವರು ನಮ್ಮ ಕಮಿಟಿಯಲ್ಲಿಯೇ ಇದ್ದಾರೆ. ಅವರಿಗೆ ನಮ್ಮ ಉತ್ತರ: ಸಾಂಬಾರನ್ನು ಗಿರಾಕಿಗೆ ಬಡಿಸುವ ಮೊದಲು ಭಟ್ಟರು ಅಂಗೈಗೆ ಹಾಕಿಕೊಂಡು ರುಚಿ ನೋಡುತ್ತಾರೆ. ಉಪ್ಪು ಹೆಚ್ಚಾಗಬಹುದೆಂದು ಒಲೆಯನ್ನೇ ಹಚ್ಚದೆ ಕೂರುವುದಿಲ್ಲ. ಮುಖ್ಯ ಸರ್ವರಿನ ತದ್ರೂಪವಾದ ಒಂದು ಸಣ್ಣ ಯಂತ್ರವಿದೆ. ದೊಡ್ಡ ಬದಲಾವಣೆಗಳು ಮೊದಲು ಅದಕ್ಕೆ. ಬ್ಯಾಕಪ್ ಪ್ರತಿ ರಾತ್ರಿ ಬೇರೆ ಕಡೆಗೆ ಹೋಗುತ್ತದೆ. ತಿಂಗಳಿಗೊಮ್ಮೆ ಅದರಿಂದ ಒಂದು ಕಡತವನ್ನು ನಿಜವಾಗಿ ತೆಗೆದು ತೆರೆದು ನೋಡುತ್ತೇವೆ. ಯಾವ ಕಡತವೆಂದು ಆರಿಸುವವರು ಆ ತಾಯಿ, ಅವರೇ ಬಂದು ಕೂರುತ್ತಾರೆ. ಹೆಚ್ಚಾಗಿ ತಮ್ಮ ಯಜಮಾನರ ಕಾಗದವನ್ನೇ ತೆಗೆಸುತ್ತಾರೆ.

ಈಗ ಹಣದ ಮಾತು. ಭಾನುವಾರ ಎರಡು ಗಂಟೆ, ಬೇಕಾದಾಗ ನಡುರಾತ್ರಿ ಎದ್ದು ಯಂತ್ರ ಆರಿಸಿ ಹೊತ್ತಿಸುವುದು, ದಿನವೂ ಪತ್ರ ನೋಡುವುದು. ಇದನ್ನು ಇಷ್ಟು ದಿನ ಸೇವೆ ಎಂದು ಕರೆದು ಹುಡುಗರಿಂದ ಮಾಡಿಸಿಕೊಂಡೆವು. ಸೇವೆಯೆಂಬ ಹೆಸರಿನಲ್ಲಿ ಹದಿನಾಲ್ಕು ಗಂಟೆ ದುಡಿಸುವವರನ್ನು ನಾವು ಕಂಡಿಲ್ಲವೇ? ಇದು ಕೆಲಸ, ಕೆಲಸಕ್ಕೆ ಕೂಲಿ. ಇಬ್ಬರನ್ನು ನೇಮಿಸಿ, ತಲಾ ತಿಂಗಳಿಗೆ ಮೂರು ಸಾವಿರ ರೂಪಾಯಿ ಕೊಡಬೇಕೆಂಬ ಠರಾವು ತಮ್ಮ ಮುಂದಿದೆ. ಒಬ್ಬರೇ ಸಾಕೆಂದು ಉಳಿತಾಯದ ಸಲಹೆ ಬಂದಿದೆ. ಬೇಡ. ಒಬ್ಬರಿಗೆ ಜ್ವರ ಬಂದರೆ, ಊರಿಗೆ ಹೋದರೆ, ನಾವು ಮತ್ತೆ ಕುಂದಾಪುರದ ಅಂಚೆಪೆಟ್ಟಿಗೆಗೇ ಹೋಗಿ ನಿಲ್ಲುತ್ತೇವೆ. ಠರಾವಿನ ಎರಡನೆಯ ಭಾಗವನ್ನೂ ಓದಿ: ಪುಸ್ತಕದಲ್ಲಿ ಬರೆದ ಕೆಲಸಕ್ಕಾಗಿ ಯಂತ್ರ ನಿಲ್ಲಿಸಲು ಇವರು ಕೇಳಿದರೆ, ಬೇಡವೆನ್ನುವ ಪದಾಧಿಕಾರಿ ಕಾರಣ ಬರೆದು ಸಹಿ ಹಾಕಬೇಕು. ಬಾಯಿಮಾತಿನ "ಮುಟ್ಟಬೇಡ" ಇನ್ನು ನಡೆಯುವುದಿಲ್ಲ. ಹಳೆಯ ಠರಾವಿನಲ್ಲಿ ಹುಡುಗನನ್ನು ತೆಗೆದುಹಾಕಿದ ಸಾಲನ್ನು ಹೊಡೆದುಹಾಕುವುದು ಮೂರನೆಯ ಭಾಗ. ಅದರ ಮೇಲೆ ಚ�ರ್ಚೆ ಬೇಡವೆಂದು ಪ್ರಾರ್ಥನೆ.

ಪುಸ್ತಕ ಇಲ್ಲಿ ಮೇಜಿನ ಮೇಲಿರುತ್ತದೆ, ಯಾರು ಬೇಕಾದರೂ ತಿರುವಿ ನೋಡಬಹುದು. ಐದು ಯಂತ್ರಗಳಲ್ಲಿ ಒಂದನ್ನು ಮುಚ್ಚಿಸಿದ್ದಾಯಿತು, ಮೂರರ ಕಲಮುಗಳು ತುಂಬಿವೆ. ಐದನೆಯದು ಠಾಣೆಯ ಶಾಖೆಯಲ್ಲಿ ಕಪಾಟಿನ ಮೇಲೆ ಹಗಲಿರುಳೂ ಗುಂಯ್‌ಗುಡುತ್ತಿದೆ. ಅದರಲ್ಲಿ ಏನಿದೆ, ಪಾಸ್‌ವರ್ಡ್ ಯಾರಲ್ಲಿದೆ, ಯಾರಿಗೂ ಗೊತ್ತಿಲ್ಲ. ಅದರ ಬೆನ್ನಿಗೆ ಯಾರದೋ ಕೈಬರಹದಲ್ಲಿ 'ಆಫ್ ಮಾಡಬೇಡಿ' ಎಂದು ಕನ್ನಡದಲ್ಲಿ ಒಂದು ಚೀಟಿ ಅಂಟಿಸಿದೆ. ಅದರ ಫೋಟೋ ತಂದಿದ್ದೇವೆ. ಠಾಣೆಯ ಬಂಧುಗಳು ಚಹದ ವಿರಾಮದಲ್ಲಿ ದಯವಿಟ್ಟು ಈ ಮೇಜಿನ ಹತ್ತಿರ ಬಂದು, ಆ ಅಕ್ಷರ ಯಾರದೆಂದು ಗುರುತು ಹಿಡಿಯಬಹುದೇ ನೋಡಬೇಕು.